ಹತ್ತು ಡಿಗ್ರಿ ಏರಿದರೆ ಎರಡು ಪಟ್ಟು ವೇಗ, ಅದು ಹೇಗೆ?

ಪ್ರಶ್ನೆ: 27 ಡಿಗ್ರಿಯಿಂದ 37ಕ್ಕೆ ಬಿಸಿ ಮಾಡಿದರೆ ರಾಸಾಯನಿಕ ಕ್ರಿಯೆಯ ವೇಗ ಎರಡು ಪಟ್ಟಾಗುತ್ತದೆ ಅಂತ ನೋಟ್ಸ್‌ನಲ್ಲಿದೆ. ಹಾಗಾದರೆ ಅಣುಗಳು ಎರಡು ಪಟ್ಟು ಜೋರಾಗಿ ಓಡುತ್ತವಾ?
– ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ದಾವಣಗೆರೆ

ಇಲ್ಲ. ಓಟ ಹೆಚ್ಚುವುದು ನೂರಕ್ಕೆ ಎರಡರಷ್ಟೂ ಅಲ್ಲ. ಇಲ್ಲಿ ಸೆಲ್ಸಿಯಸ್ ಲೆಕ್ಕ ನಡೆಯುವುದಿಲ್ಲ, ಕೆಲ್ವಿನ್ ಬೇಕು. 27 ಅಂದರೆ 300 ಕೆಲ್ವಿನ್, 37 ಅಂದರೆ 310. ಅನಿಲದ ಅಣುಗಳ ಸರಾಸರಿ ವೇಗ ಇದರ ವರ್ಗಮೂಲದಂತೆ ಏರುತ್ತದೆ. ಅಲ್ಲಿಗೆ ಸುಮಾರು ಶೇ 1.65. ಡಿಕ್ಕಿಗಳೂ ಹೆಚ್ಚುಕಡಿಮೆ ಅಷ್ಟೇ ಜಾಸ್ತಿ. ‘ಬಿಸಿಯಾದರೆ ಡಿಕ್ಕಿ ಜಾಸ್ತಿ, ಅದಕ್ಕೇ ವೇಗ ಜಾಸ್ತಿ’ ಅಂತ ಬರೆದರೆ ಅಂಕ ಸಿಗಬಹುದು, ಲೆಕ್ಕ ಮಾತ್ರ ಕೂಡುವುದಿಲ್ಲ.

ಡಿಕ್ಕಿ ಹೊಡೆದ ಅಣುಗಳೆಲ್ಲ ಬದಲಾಗುವುದಿಲ್ಲ. ಹಳೆಯ ಬಂಧ ಸಡಿಲವಾಗಲು ಇಷ್ಟು ಶಕ್ತಿ ಅಂತ ಬೇಕೇ ಬೇಕು. ಅದೇ ಆಕ್ಟಿವೇಷನ್ ಎನರ್ಜಿ. ಅದು ಮೋಲ್‌ಗೆ 53.6 ಕಿಲೋಜೂಲ್ ಅಂತಿಟ್ಟುಕೊಳ್ಳಿ. ಸ್ವೀಡನ್ನಿನ ಅರ್ಹೇನಿಯಸ್ 1889ರಲ್ಲಿ ಕೊಟ್ಟ ಸೂತ್ರಕ್ಕೆ ಹಾಕಿದರೆ, 300 ಕೆಲ್ವಿನ್‌ನಲ್ಲಿ ಸುಮಾರು 215 ಕೋಟಿ ಡಿಕ್ಕಿಗೆ ಒಂದು ಮಾತ್ರ ಆ ಮಟ್ಟ ಮುಟ್ಟುತ್ತದೆ. 310ರಲ್ಲಿ ಸುಮಾರು 108 ಕೋಟಿಗೇ ಒಂದು. ನಿಮ್ಮ ಎರಡು ಪಟ್ಟು ಬಂದದ್ದು ಇಲ್ಲಿಂದ. ಕೋಚಿಂಗ್ ಕ್ಲಾಸಿನ ಸರಾಸರಿ ಎರಡೇ ಅಂಕ ಏರಿದರೂ, ಕಟಾಫ್ ತುಂಬ ಮೇಲಿದ್ದರೆ ದಾಟುವವರು ನಾಲ್ಕರಿಂದ ಎಂಟಾಗಬಹುದು ಅಲ್ವಾ, ಹಾಗೆ.

ಲ್ಯಾಬಿನಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಬಿಳಿ ಹಾಳೆಯ ಮೇಲೆ ಇಂಟು ಮಾರ್ಕ್ ಹಾಕಿ, ಅದರ ಮೇಲೆ ಸೋಡಿಯಂ ಥಯೋಸಲ್ಫೇಟ್ ಇರುವ ಕೋನಿಕಲ್ ಫ್ಲಾಸ್ಕ್ ಇಡುತ್ತೀರಿ. ಹೈಡ್ರೋಕ್ಲೋರಿಕ್ ಆಸಿಡ್ ಹಾಕಿದ ಕೂಡಲೇ ಏನೂ ಕಾಣುವುದಿಲ್ಲ. ಆಮೇಲೆ ತಿಳಿಯಾಗಿದ್ದದ್ದು ಮೆಲ್ಲಗೆ ಕದಡುತ್ತದೆ, ಬೆಳ್ಳಗಾಗುತ್ತದೆ, ಹಳದಿಗೆ ತಿರುಗುತ್ತದೆ. ಅದು ಗಂಧಕ. ಜೊತೆಗೆ ಸಲ್ಫರ್ ಡೈಆಕ್ಸೈಡಿನ ಘಾಟು, ಬಗ್ಗಿ ಮೂಸಬೇಡಿ. ಮಾರ್ಕ್ ಕಾಣದಾದ ಕ್ಷಣ ಸ್ಟಾಪ್‌ವಾಚ್ ಒತ್ತಬೇಕು. ಹತ್ತು ಡಿಗ್ರಿ ಬಿಸಿ ಮಾಡಿ ನೋಡಿ, ಸಮಯ ಹತ್ತಿರಹತ್ತಿರ ಅರ್ಧಕ್ಕೆ ಇಳಿಯುತ್ತದೆ.

ದಾವಣಗೆರೆಯಲ್ಲಿ ಫೆಬ್ರವರಿಯ ಬೆಳಗಿನ ಜಾವಕ್ಕೂ ಮಧ್ಯಾಹ್ನಕ್ಕೂ ಹತ್ತು ಡಿಗ್ರಿಗಿಂತ ಜಾಸ್ತಿ ಫರಕು. ಲ್ಯಾಬಿನೊಳಗೆ ಅಷ್ಟಿಲ್ಲದಿದ್ದರೂ, ಬೆಳಗಿನ ಬ್ಯಾಚಿನ ಗೆಳತಿಯ ರೀಡಿಂಗ್ ಸುಮ್ನೆ ಕಾಪಿ ಹೊಡೆದವರು ಸಿಕ್ಕಿಬೀಳುವುದು ಇಲ್ಲೇ. ತಾಪಮಾನ ಬರೆಯದ ರೀಡಿಂಗಿಗೆ ಬೆಲೆ ಇಲ್ಲ.

ಅಂದಹಾಗೆ, ‘ಎರಡು ಪಟ್ಟು’ ನಿಯಮವೇನಲ್ಲ, ಅಂದಾಜು. ಇದೇ ಹತ್ತು ಡಿಗ್ರಿಗೆ, ಆಕ್ಟಿವೇಷನ್ ಎನರ್ಜಿ 25 ಕಿಲೋಜೂಲ್ ಇದ್ದರೆ ವೇಗ 1.4 ಪಟ್ಟು, 100 ಇದ್ದರೆ 3.6 ಪಟ್ಟು. ಬೆಣ್ಣೆ ದೋಸೆಯ ಹಿಟ್ಟು ಬೇಸಿಗೆಯಲ್ಲಿ ಬೇಗ ಹುಳಿ ಬರುವುದಕ್ಕೂ ಬಿಸಿಯೇ ಕಾರಣ. ಆದರೆ ಅಲ್ಲಿ ದುಡಿಯುವುದು ಸೂಕ್ಷ್ಮಜೀವಿಗಳು. ಬಿಸಿ ಅತಿಯಾದರೆ ಅವೇ ಸಾಯುತ್ತವೆ, ಎರಡು ಪಟ್ಟಿನ ಮಾತೇ ಇಲ್ಲ.

ನಿಮ್ಮ ಥಯೋಸಲ್ಫೇಟ್ ಲೆಕ್ಕ ನೀವೇ ಮಾಡಿ. ಐದಾರು ತಾಪಮಾನದಲ್ಲಿ ಸಮಯ ಬರೆದುಕೊಳ್ಳಿ. ಎರಡೂ ದ್ರಾವಣ ಬೇರೆಬೇರೆ ಬಿಸಿ ಮಾಡಿ, ಆಮೇಲೆ ಬೆರೆಸಿ. 1/ಸಮಯದ ಲಾಗ್ ಉದ್ದಕ್ಕೆ, 1/ಕೆಲ್ವಿನ್ ಅಡ್ಡಕ್ಕೆ ಹಾಕಿ ಗ್ರಾಫ್ ಬರೆದರೆ ಇಳಿಯುವ ನೇರ ಗೆರೆ ಬರುತ್ತದೆ. ಸ್ಲೋಪಿನ ಮೈನಸ್ ತೆಗೆದು ಅನಿಲ ಸ್ಥಿರಾಂಕ 8.314ರಿಂದ ಗುಣಿಸಿದರೆ ಆಕ್ಟಿವೇಷನ್ ಎನರ್ಜಿ ಜೂಲ್‌ನಲ್ಲಿ ಸಿಗುತ್ತದೆ. ಬೇಸ್ 10ರ ಲಾಗ್ ಬಳಸಿದ್ದರೆ 2.303ರಿಂದಲೂ ಗುಣಿಸಬೇಕು. ಎಲ್ಲರೂ ಮರೆಯುವುದು ಇದನ್ನೇ.