ಮೂರು ಈಡಿನ ಗುಂಪನ್ನು ನಂಬಬೇಡಿ

ಜಿಂಕೆ ಬೇಟೆಯ ಸೀಸನ್ ಹತ್ತಿರ ಬಂತೆಂದರೆ ನನ್ನ ಫೋನಿಗೆ ಗುರಿಹಾಳೆಯ ಫೋಟೋಗಳು ಬರತೊಡಗುತ್ತವೆ. ಹಾಳೆಯ ಮೇಲೆ ಮೂರು ಈಡಿನ ಮೂರು ತೂತು, ಅದಕ್ಕೇ ಗುಂಪು ಎನ್ನುವುದು. ಪಕ್ಕದಲ್ಲಿ ಒಂದು ನಾಣ್ಯ, ಮೂರೂ ತೂತು ಎಷ್ಟು ಹತ್ತಿರ ಬಿದ್ದಿವೆ ಎಂದು ತೋರಿಸಲು. ಜೊತೆಗೆ ಒಂದು ಸಾಲು: ಕೊನೆಗೂ ಸರಿಯಾದ ಮದ್ದಿನ ಅಳತೆ ಸಿಕ್ಕಿತು! ನನ್ನ ಉತ್ತರ ಎಲ್ಲರಿಗೂ ಒಂದೇ. ಅದೇ ತೋಟಾದಲ್ಲಿ ಇನ್ನೂ ಏಳು ಹೊಡೆದು ಕಳಿಸಿ.

ಕೆಲವರಿಗೆ ಬೇಜಾರಾಗುತ್ತದೆ. ಆದರೂ ಹೇಳಲೇಬೇಕು.

ನಾನು ಪೆನ್ಸಿಲ್ವೇನಿಯಾದಲ್ಲಿ ಲೋಹದ ಎರಕದ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ನೋಡುವ ಎಂಜಿನಿಯರ್. ಎರಕದ ದೋಷ ಹುಡುಕುವುದು, ಅಳತೆಯ ಏರುಪೇರು ಲೆಕ್ಕ ಹಾಕುವುದು ನನ್ನ ದಿನನಿತ್ಯದ ಕೆಲಸ. ಮನೆಯಲ್ಲೇ ಸೀಸ ಕರಗಿಸಿ ಗುಂಡು ಎರೆಯುವವರಿಗೆ ಬೇಕಾದದ್ದೂ ಅವೆರಡೇ. ಖಾಲಿಯಾದ ತೋಟಾಕ್ಕೆ ಹೊಸ ಕೇಪು, ಮದ್ದು, ಗುಂಡು ಹಾಕಿ ಮತ್ತೆ ಬಳಸುವುದು ಅಮೆರಿಕದಲ್ಲಿ ಹಳೆಯ ಹವ್ಯಾಸ. ಊರಲ್ಲಿ ಓದುತ್ತಿರುವವರಿಗೆ ಒಂದು ಮಾತು: ನಮ್ಮಲ್ಲಿ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ. 1972ರ ವನ್ಯಜೀವಿ ಕಾಯ್ದೆಯಡಿ ಈಗ ಬೇಟೆಯ ಮಾತೂ ಇಲ್ಲ. ಕೊಡಗಿನವರಿಗೆ ಕೋವಿ ಇಟ್ಟುಕೊಳ್ಳಲು ಇರುವ ವಿನಾಯಿತಿಯಿಂದ ಬೇಟೆಯಾಡುವ ಹಕ್ಕು ಬರುವುದಿಲ್ಲ.

ಈಗ ಆ ಮೂರು ತೂತಿನ ವಿಷಯ. ಪೆನ್ಸಿಲ್ವೇನಿಯಾದ ಕಾಡುಗಳಲ್ಲಿ ತುಂಬ ಕಾಣುವ .30-30 ವಿಂಚೆಸ್ಟರ್ ಲಿವರ್ ರೈಫಲ್ ತೆಗೆದುಕೊಳ್ಳಿ. .30-30 ಎಂಬುದು ಅದರ ತೋಟಾದ ಹೆಸರು, 1895ರಿಂದ ಮಾರುಕಟ್ಟೆಯಲ್ಲಿದೆ. ನಿಮ್ಮ ರೈಫಲ್, ನಿಮ್ಮ ಎರಕದ ಗುಂಡು ಸೇರಿ 100 ಗಜದಲ್ಲಿ ಹತ್ತು ಈಡು ಹೊಡೆದರೆ ಸರಾಸರಿ 3 ಇಂಚಿನ ಗುಂಪು ಬರುತ್ತದೆ ಎಂದುಕೊಳ್ಳಿ. ಗುಂಪಿನ ಅಳತೆ ಎಂದರೆ ಅತಿ ದೂರದ ಎರಡು ತೂತುಗಳ ನಡುವಿನ ಅಂತರ. ಅದೇ ರೈಫಲ್, ಅದೇ ಗುಂಡು, ಅದೇ ಕೈ. ಆದರೆ ಮೂರೇ ಈಡು ಹೊಡೆದರೆ ಸರಾಸರಿ 1.9 ಇಂಚು ಬರುತ್ತದೆ. ರೈಫಲ್ ಒಳ್ಳೆಯದಾಗಲಿಲ್ಲ. ದೂರಕ್ಕೆ ಸಿಡಿಯಲು ಗುಂಡುಗಳಿಗೆ ಅವಕಾಶ ಕಡಿಮೆ ಸಿಕ್ಕಿತು, ಅಷ್ಟೇ.

ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು. ಮೂರು ಈಡಿನ ಗುಂಪುಗಳು ತಮ್ಮತಮ್ಮಲ್ಲೇ ವಿಪರೀತ ಏರುಪೇರಾಗುತ್ತವೆ. ಒಂದೇ ಪೆಟ್ಟಿಗೆಯ ತೋಟಾಗಳಿಂದ ಅಂಥ ಐದು ಗುಂಪು ಹೊಡೆಯಿರಿ. ಅತಿ ದೊಡ್ಡದು ಅತಿ ಚಿಕ್ಕದರ ಎರಡೂವರೆ ಪಟ್ಟು ಇದ್ದರೂ ಆಶ್ಚರ್ಯವಿಲ್ಲ. ನಮ್ಮ 3 ಇಂಚಿನ ರೈಫಲ್ ಕೂಡ ಆಗೊಮ್ಮೆ ಈಗೊಮ್ಮೆ ಮೂರು ಗುಂಡನ್ನು ಒಂದು ಇಂಚಿನೊಳಗೆ ಹಾಕುತ್ತದೆ. ಆಗ ನಾಣ್ಯ ಇಟ್ಟು ಫೋಟೋ ತೆಗೆಯುತ್ತೇವೆ. ಉಳಿದ ಹಾಳೆಗಳು ಕಸದ ಬುಟ್ಟಿಗೆ.

ಜನ ಸಾಮಾನ್ಯವಾಗಿ ಮಾಡುವುದೇನು? ಮದ್ದನ್ನು ಅರ್ಧರ್ಧ ಗ್ರೇನ್ (ಮದ್ದು ತೂಗುವ ಸಣ್ಣ ತೂಕ) ಏರಿಸುತ್ತಾ ಎಂಟು ಬಗೆಯ ತೋಟಾ ತುಂಬುತ್ತಾರೆ. ಒಂದೊಂದರಲ್ಲಿ ಮೂರು ಹೊಡೆಯುತ್ತಾರೆ. ಚಿಕ್ಕ ಗುಂಪು ಬಂದದ್ದನ್ನು ಆರಿಸುತ್ತಾರೆ. ಎಂಟಕ್ಕೂ ಒಂದಿಷ್ಟೂ ವ್ಯತ್ಯಾಸ ಇಲ್ಲದಿದ್ದರೂ ಯಾವುದೋ ಒಂದು ಗೆದ್ದೇ ಗೆಲ್ಲುತ್ತದೆ! ಮುಂದಿನ ವಾರ ಅದೇ ಅಳತೆ ಹೊಡೆದಾಗ ಗುಂಪು ಹರಡಿಕೊಂಡರೆ ಗಾಳಿಯನ್ನೋ ಸ್ಕೋಪನ್ನೋ ಬೈಯುತ್ತಾರೆ. ಸ್ಕೋಪಿನದು ಏನೂ ತಪ್ಪಿಲ್ಲ, ಪಾಪ.

ಕಾರ್ಖಾನೆಯಲ್ಲಿ ಇದಕ್ಕೆ ನಾವು ಮಾಡುವ ಉಪಾಯ ಇಲ್ಲಿಗೂ ಸಲ್ಲುತ್ತದೆ. ಎಂಟು ಬಗೆ ಬೇಡ, ಎರಡು ಸಾಕು. ಎರಡೂ ಎದ್ದು ಕಾಣುವಷ್ಟು ಬೇರೆಯಾಗಿರಲಿ. ಒಂದೊಂದಕ್ಕೂ ಕನಿಷ್ಠ ಇಪ್ಪತ್ತು ತೋಟಾ ತುಂಬಿ. ಮೊದಲು ಒಂದನ್ನು ಪೂರ್ತಿ ಹೊಡೆದು ಆಮೇಲೆ ಇನ್ನೊಂದನ್ನು ಹೊಡೆಯಬೇಡಿ. ಅದರಲ್ಲಿ ಐದು, ಇದರಲ್ಲಿ ಐದು ಹೀಗೆ ಅದಲುಬದಲಾಗಿ ಹೊಡೆಯಿರಿ. ನಳಿಗೆ ಬಿಸಿಯಾಗುವುದು, ಗಾಳಿ ತಿರುಗುವುದು, ನಿಮ್ಮ ಭುಜ ಸೋಲುವುದು ಎರಡಕ್ಕೂ ಸಮನಾಗಿ ಹಂಚಿಹೋಗುತ್ತದೆ. ಗುರಿಹಾಳೆಯ ಹಿಂದೆ ಒಂದು ಖಾಲಿ ಹಾಳೆ ಅಂಟಿಸಿ, ಎರಡು ಬಗೆಗೆ ಎರಡು ಬೇರೆ ಹಾಳೆ. ಪ್ರತಿ ಸರದಿಗೂ ಮುಂದಿನ ಹಾಳೆ ಬದಲಾಗಲಿ, ಹಿಂದಿನದು ಅದೇ ಜಾಗದಲ್ಲಿ ಇರಲಿ. ಕೊನೆಗೆ ಇಪ್ಪತ್ತೂ ತೂತು ಒಟ್ಟಿಗೆ ಸಿಗುತ್ತವೆ. ಆ ತೂತುಗಳ ನಡುಬಿಂದು ಗುರುತಿಸಿ, ಒಂದೊಂದು ತೂತು ಅಲ್ಲಿಂದ ಎಷ್ಟು ದೂರ ಎಂದು ಅಳೆದು ಸರಾಸರಿ ತೆಗೆಯಿರಿ. ಗುಂಪಿನ ಅಗಲವನ್ನು ಎರಡೇ ತೂತು ತೀರ್ಮಾನಿಸುತ್ತವೆ. ಈ ಸರಾಸರಿಯಲ್ಲಿ ಎಲ್ಲ ಇಪ್ಪತ್ತಕ್ಕೂ ಲೆಕ್ಕ ಸಿಗುತ್ತದೆ. ಹತ್ತು ಈಡಿನ ಎರಡು ಗುಂಪು 3 ಇಂಚು, 2.5 ಇಂಚು ಬಂದರೂ ನಾನು ಅವನ್ನು ಒಂದೇ ಎನ್ನುತ್ತೇನೆ.

ಇನ್ನು ಗುಂಪು ಬಿಟ್ಟು ಹೊರಗೆ ಬಿದ್ದ ಆ ಒಂದು ತೂತು. ‘ಅದು ನನ್ನ ಕೈ ತಪ್ಪು, ಲೆಕ್ಕಕ್ಕಿಲ್ಲ’ ಎಂದು ಬಿಡುವವರೇ ಜಾಸ್ತಿ. ಟ್ರಿಗರ್ ಎಳೆದ ಕ್ಷಣದಲ್ಲೇ, ಹಾಳೆ ನೋಡುವ ಮೊದಲೇ ‘ತಪ್ಪಿತು’ ಎಂದು ಹೇಳಿದ್ದರೆ ಬಿಡಿ. ನೋಡಿದ ಮೇಲೆ ಹೇಳಿದರೆ ಅದು ಲೆಕ್ಕಕ್ಕೆ ಸೇರಲೇಬೇಕು.

ಗುಂಪು ನಿಜವಾಗಿಯೂ ದೊಡ್ಡದು ಎಂದು ಗೊತ್ತಾದ ಮೇಲೂ ಎಲ್ಲರ ಕೈ ಮೊದಲು ಮದ್ದಿನ ಡಬ್ಬಿಗೇ ಹೋಗುತ್ತದೆ. ನಾನು ಮೈಕ್ರೋಮೀಟರ್ ತೆಗೆದುಕೊಳ್ಳಿ ಎನ್ನುತ್ತೇನೆ. ಎರಕದ ಗುಂಡಿನಲ್ಲಿ ಮೊದಲ ಮಾತು ಅದರ ದಪ್ಪ. ಖಾಲಿ ರೈಫಲಿನ ನಳಿಗೆಗೆ ಎಣ್ಣೆ ಸವರಿ, ಮೆತ್ತನೆಯ ಸೀಸದ ತುಂಡೊಂದನ್ನು ಅದರಲ್ಲಿ ತಳ್ಳಿ ಹೊರತೆಗೆದು ಅಳೆಯಿರಿ. ಒಳಗಿನ ಸುರುಳಿ ತೋಡುಗಳ ಅಚ್ಚು ಅದರ ಮೇಲೆ ಮೂಡಿರುತ್ತದೆ. .30 ನಳಿಗೆಯ ಅಳತೆ 0.308 ಇಂಚು ಎಂದು ಪುಸ್ತಕ ಹೇಳುತ್ತದೆ. ಹಳೆಯ ಲಿವರ್ ರೈಫಲುಗಳಲ್ಲಿ ಅದಕ್ಕಿಂತ ದೊಡ್ಡದಿರುವುದು ಅಪರೂಪವಲ್ಲ. ಗುಂಡು ನಿಮ್ಮ ನಳಿಗೆಯ ನಿಜವಾದ ಅಳತೆಗಿಂತ 0.001ರಿಂದ 0.002 ಇಂಚು ದಪ್ಪ ಇರಬೇಕು. ಸಣ್ಣದಾದರೆ ಬಿಸಿ ಅನಿಲ ಪಕ್ಕದಿಂದ ನುಗ್ಗಿ ಸೀಸವನ್ನು ಕೊರೆಯುತ್ತದೆ. ನಳಿಗೆಯ ಬುಡದಲ್ಲಿ ಸೀಸದ ಬೂದು ಗೆರೆ ಮೆತ್ತಿಕೊಳ್ಳುತ್ತದೆ, ಗುರಿ ಕೆಡುತ್ತದೆ. ಗೆರೆ ನಳಿಗೆಯ ತುದಿಯ ಕಡೆ ಇದ್ದರೆ ಕಾರಣ ಬೇರೆ, ಸಾಮಾನ್ಯವಾಗಿ ಗುಂಡು ಸಲೀಸಾಗಿ ಜಾರಲೆಂದು ಹಚ್ಚುವ ಮೇಣ ಸಾಲದೆ ಹೋಗಿರುತ್ತದೆ. ಹಾಳೆಯಲ್ಲಿ ಗುಂಡು ಅಡ್ಡಡ್ಡ ಹೊಕ್ಕ ಗುರುತು ಕಂಡರಂತೂ ಅಂದಿಗೆ ಹೊಡೆಯುವುದು ನಿಲ್ಲಿಸಿ.

ಎರಡನೆಯದು ಗುಂಡಿನ ತಳ. ಅಮೆರಿಕದ ವೈದ್ಯ ಫ್ರಾಂಕ್ಲಿನ್ ಮ್ಯಾನ್ ವರ್ಷಗಟ್ಟಲೆ ಬೇಕೆಂದೇ ಗುಂಡುಗಳನ್ನು ಕೆಡಿಸಿ ಹೊಡೆದು ನೋಡಿ, 1909ರಲ್ಲಿ ತನ್ನ ಲೆಕ್ಕ ಪ್ರಕಟಿಸಿದ. ಮೂತಿ ಜಜ್ಜಿದ ಗುಂಡು ಅಷ್ಟೇನೂ ದಾರಿ ತಪ್ಪಲಿಲ್ಲ. ತಳ ಮುಕ್ಕಾದ ಗುಂಡು ಚೆನ್ನಾಗಿಯೇ ತಪ್ಪಿತು. ನಳಿಗೆ ಬಿಡುವ ಕ್ಷಣದಲ್ಲಿ ಅನಿಲ ತಳದ ಸುತ್ತ ಒಂದೇ ಸಮ ಹೊರಬರಬೇಕು. ಒಂದು ಕಡೆ ಮೊದಲು ನುಗ್ಗಿದರೆ ಗುಂಡು ವಾಲುತ್ತದೆ. ಆದರೂ ಜನ ಗುಂಡಿನ ಮೂತಿಯನ್ನೇ ತಿರುಗಿಸಿ ತಿರುಗಿಸಿ ನೋಡುತ್ತಾರೆ. ತಳದ ಅಂಚು ಚೂಪಾಗಿ, ಪೂರ್ತಿ ತುಂಬಿದೆಯೇ ನೋಡಿ. ಅಚ್ಚಿನ ಮೇಲೆ ಸೀಸ ಸುರಿಯಲು ತೂತಿರುವ ತಟ್ಟೆಯನ್ನು ಸೀಸ ಗಟ್ಟಿಯಾಗುವ ಮೊದಲೇ ಸರಿಸಿದರೆ ಗುಂಡಿನ ತಳದಲ್ಲಿ ಹರಿದ ಗಾಯ ಉಳಿಯುತ್ತದೆ. ಅಚ್ಚು ತಣ್ಣಗಿದ್ದರೆ ಸುಕ್ಕು ಬೀಳುತ್ತದೆ. ಕಾವಲಿ ಕಾಯುವ ಮುಂಚಿನ ದೋಸೆಗಳ ಹಾಗೆ ಮೊದಲ ಕೆಲವು ಗುಂಡು ಕೆಡುವುದು ಸಹಜ. ಅವು ಮತ್ತೆ ಪಾತ್ರೆಗೆ ಹೋಗಲಿ.

ಮಿಶ್ರಲೋಹದ ಬಗ್ಗೆ ಚರ್ಚೆ ಮುಗಿಯುವುದೇ ಇಲ್ಲ, ನಾನು ಚುಟುಕಾಗಿ ಹೇಳಿ ಮುಗಿಸುತ್ತೇನೆ. 90 ಪಾಲು ಸೀಸ, 5 ತವರ, 5 ಆಂಟಿಮನಿ ಇರುವ ಲೈಮನ್ ಕಂಪನಿಯ ಹಳೆಯ ನಂ. 2 ಮಿಶ್ರಣ ಗಡಸುತನ ಅಳೆಯುವ ಬ್ರಿನೆಲ್ ಮಾಪನದಲ್ಲಿ ಸುಮಾರು 15. ಬರೀ ಸೀಸ ಸುಮಾರು 5. ಬೇಟೆಗೆ ತೀರಾ ಗಟ್ಟಿ ಮಾಡಿದರೆ ಗುಂಡು ಅರಳದೆ ತೂರಿಹೋಗುತ್ತದೆ. ಲೋಹಶಾಸ್ತ್ರದವನಾಗಿ ಒಂದೇ ಎಚ್ಚರಿಕೆ: ಆಂಟಿಮನಿ ಇರುವ ಗುಂಡು ಎರೆದ ಮೇಲೆ ದಿನಗಟ್ಟಲೆ ಗಟ್ಟಿಯಾಗುತ್ತಾ ಹೋಗುತ್ತದೆ. ನಿನ್ನೆ ಎರೆದದ್ದಕ್ಕೂ ಹೋದ ತಿಂಗಳು ಎರೆದದ್ದಕ್ಕೂ ಹೋಲಿಕೆ ಬೇಡ. ಪೆಟ್ಟಿಗೆಯ ಮೇಲೆ ತಾರೀಕು ಬರೆಯಿರಿ. ಮದ್ದಿನ ಅಳತೆಯನ್ನು ನಾನು ಯಾರಿಗೂ ಬರೆದು ಕೊಡುವುದಿಲ್ಲ. ಮದ್ದಿನ ಕಂಪನಿಗಳು ಪ್ರಕಟಿಸುವ ಪಟ್ಟಿ ಇದೆ, ಅದರ ಕೆಳಗಿನ ಅಂಕಿಯಿಂದ ಶುರು ಮಾಡಿ. ಕರಗಿದ ಸೀಸದ ಹತ್ತಿರ ಒಂದು ಹನಿ ನೀರೂ ಬೇಡ, ಸೀಸವೇ ಸಿಡಿದು ಎರಚುತ್ತದೆ. ಊಟಕ್ಕೆ ಮುಂಚೆ ಕೈ ತೊಳೆಯಿರಿ. ಕ್ಯಾಲಿಫೋರ್ನಿಯಾದಲ್ಲಿರುವವರಿಗೆ ಈ ತಲೆನೋವೇ ಇಲ್ಲ. ಕಾಂಡೋರ್ ಹದ್ದುಗಳನ್ನು ಸೀಸದ ವಿಷದಿಂದ ಉಳಿಸಲೆಂದು ಅಲ್ಲಿ 2019ರ ಜುಲೈಯಿಂದ ಬೇಟೆಗೆ ಸೀಸದ ಗುಂಡನ್ನೇ ನಿಲ್ಲಿಸಿದ್ದಾರೆ. ಅದು ತಪ್ಪು ಎಂದು ನನಗೇನೂ ಅನ್ನಿಸುವುದಿಲ್ಲ.

ಹಾಗಾದರೆ ಎಷ್ಟು ಚಿಕ್ಕ ಗುಂಪು ಬೇಕು? ಜಿಂಕೆಯ ಎದೆಯಲ್ಲಿ ಗುಂಡು ಬೀಳಬೇಕಾದ ಜಾಗ ಸುಮಾರು 8 ಇಂಚು ಅಗಲ. ಹತ್ತು ಈಡಿಗೆ 3 ಇಂಚು ಕೊಡುವ ರೈಫಲ್ 100 ಗಜದಲ್ಲಿ ಧಾರಾಳವಾಗಿ ಸಾಕು. ಅದನ್ನು ಎರಡೂವರೆಗೆ ಇಳಿಸಲು ಚಳಿಗಾಲವಿಡೀ ಒದ್ದಾಡುವುದಕ್ಕಿಂತ, ಬೆಂಚು ಬಿಟ್ಟು ಮಂಡಿಯೂರಿ ಹೊಡೆಯುವುದನ್ನು ಅಭ್ಯಾಸ ಮಾಡುವುದು ಮೇಲು.

ಬೇಟೆಯಲ್ಲಿ ಲೆಕ್ಕಕ್ಕೆ ಬರುವುದು ಮೊದಲ ಈಡು. ನಳಿಗೆ ತಣ್ಣಗಿರುತ್ತದೆ, ಒಳಗಿನ ಮೇಣದ ಪದರ ಗಟ್ಟಿಯಾಗಿರುತ್ತದೆ. ಉಜ್ಜಿ ತೊಳೆದ ನಳಿಗೆಯಲ್ಲಂತೂ ಮೊದಲ ಒಂದೆರಡು ಗುಂಡು ಬೇರೆಲ್ಲೋ ಹೋಗುವುದುಂಟು. ಬೆಂಚಿನ ಮೇಲೆ ಸಾಲಾಗಿ ಹೊಡೆದ ಇಪ್ಪತ್ತು ಈಡು ಇದನ್ನು ಹೇಳುವುದಿಲ್ಲ. ಅದಕ್ಕೇ ಬೇರೆ ಹಾಳೆ ಇಡಿ. ರೇಂಜಿಗೆ ಹೋದ ದಿನವೆಲ್ಲ ಮೊದಲ ಈಡು ಆ ಹಾಳೆಗೆ, ಒಂದೇ ಒಂದು. ಹಾಳೆ ಮಡಚಿ ಚೀಲಕ್ಕೆ. ಮತ್ತೆ ಹೋದಾಗ ಅದೇ ಹಾಳೆ, ಇನ್ನೊಂದು ತೂತು. ಬೇಸಿಗೆಯಿಂದ ಹೀಗೆ ಮಾಡುತ್ತಾ ಬಂದರೆ ಸೀಸನ್ ಹೊತ್ತಿಗೆ ತಣ್ಣನೆ ನಳಿಗೆಯ ಗುಂಪು ನಿಮ್ಮ ಕೈಲಿರುತ್ತದೆ. ಅದರ ನಡುಬಿಂದು ಬಿಸಿ ನಳಿಗೆಯದಕ್ಕಿಂತ ಎರಡು ಇಂಚು ಎಡಕ್ಕಿದ್ದರೆ, ಗುರಿ ಹೊಂದಿಸಬೇಕಾದದ್ದು ಈ ತಣ್ಣನೆಯ ಹಾಳೆಗೆ. ಸೀಸನ್ನಿನ ಹಿಂದಿನ ರಾತ್ರಿ ದಯವಿಟ್ಟು ನಳಿಗೆ ಉಜ್ಜಬೇಡಿ. ಒಳಗೆ ತುಕ್ಕು, ತೇವ, ಕಸ ಇಲ್ಲವೆಂದು ನೋಡಿಕೊಂಡು ಹಾಗೇ ಹೊರಡಿ.