ಬಿದ್ದ ಎಂಸಿಬಿಯನ್ನು ಎತ್ತುವ ಮೊದಲು

ಎಳ್ಳಮಾವಾಸ್ಯೆಯ ಹಿಂದಿನ ದಿನ ವಿಜಯಪುರದ ಗೋಳಗುಮ್ಮಟದ ಹತ್ತಿರದ ಮನೆಯೊಂದರಿಂದ ಫೋನ್ ಬಂತು. "ತಮ್ಮಾ, ಅಡುಗೆಮನೆಯ ಪ್ಲಗ್ ಸತ್ತಿದೆ. ಶೇಂಗಾ ಹಿಂಡಿ ಅರ್ಧಕ್ಕೇ ನಿಂತಿದೆ, ನಾಳೆ ಹೊಲಕ್ಕೆ ಹೋಗಬೇಕು."

ಹೋಗಿ ನೋಡಿದರೆ ಬೋರ್ಡಿನ ಎಂಸಿಬಿಗಳೆಲ್ಲ, ಅಂದರೆ ಕರೆಂಟು ಮಿತಿ ಮೀರಿದರೆ ತಾನಾಗಿ ಕೆಳಗೆ ಬಿದ್ದು ಲೈನ್ ಕಡಿಯುವ ಸ್ವಿಚ್‌ಗಳೆಲ್ಲ, ಮೇಲೆಯೇ ಇದ್ದವು. ಅದೇ ಪ್ಲಗ್ಗಿಗೆ ನನ್ನ ಮೊಬೈಲ್ ಚಾರ್ಜರ್ ಹಾಕಿದೆ, ಚಾರ್ಜ್ ಆಗತೊಡಗಿತು. ಸತ್ತದ್ದು ಪ್ಲಗ್ ಅಲ್ಲ, ಮಿಕ್ಸರ್. ಮಗುಚಿ ನೋಡಿದಾಗ ತಳದ ಕೆಂಪು ಗುಂಡಿ ಹೊರಗೆ ಬಂದಿತ್ತು. ಶೇಂಗಾ ಎಣ್ಣೆ ಬಿಟ್ಟುಕೊಂಡು ಬ್ಲೇಡಿನ ಸುತ್ತ ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಮೋಟಾರು ತಿಣುಕಿ, ಸುಡುವ ಮೊದಲು ನಿಂತಿತ್ತು. ಪ್ಲಗ್ ಕಿತ್ತು, ಜಾರು ಖಾಲಿ ಮಾಡಿ, ಹತ್ತು ನಿಮಿಷ ಆರಲು ಬಿಟ್ಟು ಗುಂಡಿ ಒತ್ತಿದೆ. ಕೂಲಿಯ ಬದಲು ಒಂದು ಡಬ್ಬಿ ಹಿಂಡಿ ತಂದೆ.

ಎಲ್ಲ ಮನೆಗಳಲ್ಲಿ ಇಷ್ಟು ಸಲೀಸಾಗಿ ಮುಗಿಯುವುದಿಲ್ಲ. ನಿಜಕ್ಕೂ ಎಂಸಿಬಿ ಬಿದ್ದಿದ್ದರೆ ನಾನು ಮೊದಲು ಕೇಳುವುದು, ಉಪಕರಣ ಹಾಕಿದ ಎಷ್ಟು ಹೊತ್ತಿಗೆ ಬಿತ್ತು ಎಂದು. ಹಾಕಿದ ಕೂಡಲೇ ಚಟ್ ಎಂದು ಬಿದ್ದರೆ ಬಹುಮಟ್ಟಿಗೆ ಶಾರ್ಟ್. ಕೆಲವು ನಿಮಿಷ ನಡೆದು ಬಿದ್ದರೆ ಹೊರೆ ಹೆಚ್ಚು. 2000 ವ್ಯಾಟ್‌ನ ಇಂಡಕ್ಷನ್ ಒಲೆ, 1500 ವ್ಯಾಟ್‌ನ ಕೆಟಲ್ ಎರಡನ್ನೂ ಒಂದೇ ಲೈನಿನಲ್ಲಿ ಹಚ್ಚಿದರೆ 230 ವೋಲ್ಟ್‌ನಲ್ಲಿ ಸುಮಾರು 15 ಆಂಪಿಯರ್ ಎಳೆಯುತ್ತವೆ. 10 ಆಂಪಿಯರ್‌ನ ಎಂಸಿಬಿ ಇದ್ದರೆ ಒಳಗಿನ ಲೋಹದ ಪಟ್ಟಿ ಕಾದು ಬಾಗಿ, ಎಂಸಿಬಿ ಬೀಳುತ್ತದೆ. ಬೀಳುವುದೇ ಅದರ ಕೆಲಸ. ಪದೇ ಪದೇ ಬೀಳುತ್ತದೆಂದು ಹಳೆಯ ಸಣ್ಣ ತಂತಿಗೇ 32 ಆಂಪಿಯರ್‌ನದನ್ನು ಕೂರಿಸಿದವರನ್ನು ಕಂಡಿದ್ದೇನೆ. ಈಗ ಎಂಸಿಬಿಯ ಬದಲು ಗೋಡೆಯೊಳಗಿನ ತಂತಿ ಬಿಸಿಯಾಗುತ್ತದೆ.

ಎತ್ತುವಾಗ ಕೈ ಒಣಗಿರಲಿ, ಕಾಲಡಿ ನೀರಿರದಿರಲಿ. ಆ ಲೈನಿನ ಸ್ವಿಚ್‌ಗಳನ್ನೆಲ್ಲ ಆರಿಸಿ ಪ್ಲಗ್‌ಗಳನ್ನು ಕೀಳಿ. ಸಾಕೆಟ್ಟಿನಿಂದ ಸುಟ್ಟ ವಾಸನೆ ಬಂದರೆ, ಮುಖ ಕಪ್ಪಾಗಿದ್ದರೆ ಅಥವಾ ಗೋಡೆ ತೇವವಾಗಿದ್ದರೆ ಅಲ್ಲಿಗೇ ನಿಲ್ಲಿಸಿ, ಎಂಸಿಬಿ ಕೆಳಗೇ ಇರಲಿ. ಇಲ್ಲವಾದರೆ ಎರಡು ನಿಮಿಷ ಆರಲು ಬಿಟ್ಟು ಹಿಡಿಕೆಯನ್ನು ಪೂರ್ತಿ ಕೆಳಕ್ಕೆ ಒತ್ತಿ, ಆಮೇಲೆ ಮೇಲೆತ್ತಿ. ಎಂಸಿಬಿ ಬಿದ್ದಾಗ ಹಿಡಿಕೆ ಕೆಲವು ಮಾದರಿಗಳಲ್ಲಿ ನಡುವೆಯೇ ನಿಂತಿರುತ್ತದೆ. ನೇರವಾಗಿ ಮೇಲೆ ತಳ್ಳಿದರೆ ಕೂರುವುದಿಲ್ಲ, ಕೆಟ್ಟಿದೆಯೆಂದು ಜನ ತಿಳಿಯುತ್ತಾರೆ. ಏನೂ ಹಾಕದೆಯೂ ಮತ್ತೆ ಬಿದ್ದರೆ ದೋಷ ಬಹುಮಟ್ಟಿಗೆ ವೈರಿಂಗಿನಲ್ಲಿದೆ, ಎಲೆಕ್ಟ್ರಿಷಿಯನ್‌ನನ್ನು ಕರೆಸಿ. ನಿಂತರೆ ಒಂದೊಂದೇ ಉಪಕರಣ ಹಾಕುತ್ತ ಬನ್ನಿ. ಯಾವುದಕ್ಕೆ ಬೀಳುತ್ತದೋ ಅದನ್ನು ರಿಪೇರಿಗೆ ಕಳುಹಿಸಿ.

ಇಡೀ ಮನೆಯೇ ಕತ್ತಲಾದರೆ ಬಿದ್ದದ್ದು ಆರ್‌ಸಿಸಿಬಿಯೂ (ಸೋರಿಕೆ ಹಿಡಿಯುವ ಸ್ವಿಚ್) ಇರಬಹುದು. ಹೊರೆಗೂ ಅದಕ್ಕೂ ಸಂಬಂಧವಿಲ್ಲ. 30 ಮಿಲಿಆಂಪಿಯರ್‌ನಷ್ಟು ಕರೆಂಟು ದಾರಿ ತಪ್ಪಿ ಸೋರಿದರೂ ಅದು ಕಡಿದು ಹಾಕುತ್ತದೆ. ಕೆಟಲ್ಲಿನ ಕಾಯಿಲ್ ಒಡೆದಿರಬಹುದು, ಸಿಂಕಿನ ನೀರು ಸಾಕೆಟ್ಟಿಗೆ ಸಿಡಿದಿರಬಹುದು. ಇದನ್ನು ಬೈಪಾಸ್ ಮಾಡಿಕೊಡಿ ಎಂದು ಕೇಳುವವರ ಮನೆಯ ಕೆಲಸ ನಾನು ಒಪ್ಪುವುದಿಲ್ಲ. ಅರ್ಥಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕಿಳಿಸುವ ತಂತಿ, ಸರಿ ಇದ್ದರೆ ಮಿಕ್ಸರಿನ ಲೋಹಕ್ಕೆ ಕರೆಂಟು ತಗುಲಿದೊಡನೆ ಆರ್‌ಸಿಸಿಬಿ ಬೀಳುತ್ತದೆ. ಅರ್ಥಿಂಗ್ ಇಲ್ಲದಿದ್ದರೆ ಯಾರಾದರೂ ಮುಟ್ಟಿದ ಮೇಲೆಯೇ. ನಮ್ಮ ಕಡೆ ಏಪ್ರಿಲ್, ಮೇ ಬಿಸಿಲಿಗೆ ಆ ತಂತಿ ಇಳಿಯುವ ನೆಲದ ಗುಂಡಿ ಒಣಗಿ ಬಿರುಕು ಬಿಡುತ್ತದೆ. ವಾರಕ್ಕೊಮ್ಮೆ ಒಂದು ಕೊಡ ನೀರು ಹಾಕಿ.

ಆರ್‌ಸಿಸಿಬಿಯ ಮೇಲೆ 'ಟಿ' ಎಂದು ಬರೆದ ಪುಟ್ಟ ಗುಂಡಿಯಿದೆ. ತಿಂಗಳಿಗೊಮ್ಮೆ ಒತ್ತಿದರೆ ಟಪ್ ಎಂದು ಬೀಳಬೇಕು. ಕಳೆದ ವಾರ ಒಂದು ಮನೆಯಲ್ಲಿ ನಾನು ಒತ್ತಿದೆ. ಬೀಳಲಿಲ್ಲ.