ಪರ್ಮಿಷನ್ ಸಿಕ್ಕ ಮೇಲೆ ವೈರಸ್ ಬದಲಾದ್ರೆ?

ಲ್ಯಾಬ್‌ನಲ್ಲಿ ವೈರಸ್‌ಗೆ ಜೀನ್ ಸೇರಿಸೋದು, ತೆಗೆಯೋದು ಮಾಡ್ತಾರೆ ಅಂದ ತಕ್ಷಣ ಜನ ಕೇಳೋದು ಒಂದೇ, ಇದನ್ನೆಲ್ಲ ಸರ್ಕಾರ ನೋಡ್ಕೊಳ್ಳುತ್ತಾ ಇಲ್ವಾ ಅಂತ. ನಾನು ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ಬಯೋಸೇಫ್ಟಿ ಆಫೀಸರ್, ಇಂಥ ಫೈಲ್‌ಗಳನ್ನ ಓದೋದೇ ನನ್ನ ಕೆಲ್ಸ. ನೋಡ್ಕೊಳ್ಳುತ್ತೆ. ಪರಿಸರ ಸಂರಕ್ಷಣಾ ಕಾಯ್ದೆ ಕೆಳಗೆ 1989ರಲ್ಲಿ ಬಂದ ನಿಯಮಗಳೇ ಇವತ್ತಿಗೂ ನಮ್ಮ ಬುಡ. ಇಂಥ ಕೆಲ್ಸ ಮಾಡೋ ಪ್ರತಿ ಸಂಸ್ಥೆಯಲ್ಲೂ ಒಂದು ಐಬಿಎಸ್‌ಸಿ ಅಂದ್ರೆ ಬಯೋಸೇಫ್ಟಿ ಕಮಿಟಿ ಇರ್ಲೇಬೇಕು, ಅದರಲ್ಲಿ ಡಿಬಿಟಿ ಅಂದ್ರೆ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ನೇಮಿಸಿದ ಒಬ್ರು ಕೂತಿರ್ತಾರೆ, ರಿಸ್ಕ್ ಜಾಸ್ತಿ ಇರೋ ಕೆಲ್ಸ ಆದ್ರೆ ಫೈಲ್ ದೆಹಲಿಯಲ್ಲಿರೋ ಅದೇ ಇಲಾಖೆಯ ಕಮಿಟಿ ಆರ್‌ಸಿಜಿಎಂಗೆ ಹೋಗುತ್ತೆ, ಪರಿಸರಕ್ಕೆ ಬಿಡೋ ಮಾತು ಬಂದ್ರೆ ಪರಿಸರ ಸಚಿವಾಲಯದ ಕಮಿಟಿ ಜಿಇಎಸಿಗೆ. ದುಡ್ಡು ಸರ್ಕಾರದ್ದೋ ಕಂಪನಿಯದ್ದೋ, ನಿಯಮ ಎಲ್ಲರಿಗೂ ಒಂದೇ, ಇದು ನಮ್ಮಲ್ಲಿರೋ ದೊಡ್ಡ ಬಲ ಅಂತ ನಾನು ನಂಬ್ತೀನಿ.

ಇಷ್ಟೆಲ್ಲ ಇದ್ರೂ ನಂಗೆ ನಿದ್ದೆ ಕೆಡಿಸೋ ವಿಷಯ ಒಂದಿದೆ. ನಾವು ಪರ್ಮಿಷನ್ ಕೊಡೋದು ಪ್ರಯೋಗ ಶುರುವಾಗೋ ಮುಂಚೆ, ಅಂದ್ರೆ ಹುಟ್ಟಬಹುದಾದ ವೈರಸ್ ಬಗ್ಗೆ ನಮ್ಮ ಊಹೆಗೆ. ಹುಟ್ಟಿದ ವೈರಸ್ ಆ ಊಹೆ ಥರಾನೇ ಇರ್ಬೇಕು ಅಂತೇನಿಲ್ಲ.

ಕೆಲವು ವರ್ಷದ ಹಿಂದೆ ಒಂದು ಲ್ಯಾಬ್‌ನಲ್ಲಿ (ನಾನು ಆಗ ಬೇರೆ ಸಂಸ್ಥೆಯಲ್ಲಿ ಕೆಲ್ಸ ಮಾಡ್ತಿದ್ದೆ) ಪಿಎಚ್‌ಡಿ ಹುಡುಗಿಯೊಬ್ಬಳು ಪ್ಲೇಟ್ ತಂದು ತೋರಿಸಿದ್ಲು. ನೇರಳೆ ಬಣ್ಣ ಹಾಕಿದ ಪ್ಲೇಟ್ ಅದು, ವೈರಸ್ ಜೀವಕೋಶಗಳನ್ನ ಕೊಂದ ಜಾಗದಲ್ಲಿ ಮಾತ್ರ ಬಣ್ಣ ಹಿಡಿಯದೆ ಬಿಳಿ ಚುಕ್ಕೆ ಉಳಿಯುತ್ತೆ, ಪ್ಲಾಕ್ ಅಂತೀವಿ. ಮೂಲ ವೈರಸ್‌ನ ಚುಕ್ಕೆ ಸಾಸಿವೆ ಕಾಳಿನಷ್ಟಿದ್ರೆ ಅವಳು ಜೀನ್ ಬದಲಾಯಿಸಿದ ವೈರಸ್‌ದು ತೊಗರಿಬೇಳೆಯಷ್ಟಿತ್ತು. "ಮೇಡಂ, ತುಂಬಾ ಚೆನ್ನಾಗಿ ಬೆಳೀತಿದೆ ನೋಡಿ" ಅಂದ್ಲು ಖುಷಿಯಿಂದ, ಖುಷಿ ಪಡೋದ್ರಲ್ಲಿ ತಪ್ಪೂ ಇಲ್ಲ, ವ್ಯಾಕ್ಸೀನ್ ಕೆಲ್ಸಕ್ಕೆ ಚೆನ್ನಾಗಿ ಬೆಳೆಯೋ ವೈರಸ್ಸೇ ಬೇಕಲ್ವಾ. ಕಮಿಟಿಗೆ ತಿಳಿಸಿದ್ರಾ ಅಂತ ಕೇಳಿದೆ. ಅವಳಿಗೆ ಪ್ರಶ್ನೆನೇ ಅರ್ಥ ಆಗ್ಲಿಲ್ಲ, ಪರ್ಮಿಷನ್ ಸಿಕ್ಕಿದೆಯಲ್ಲ ಮೇಡಂ ಅಂದ್ಲು. ನೋಟ್‌ಬುಕ್ ತೆಗೆದು ನೋಡಿದ್ರೆ ಚುಕ್ಕೆ ದೊಡ್ಡದಾಗಿದ್ದು ಗೊತ್ತಾಗಿ ಆಗ್ಲೇ ನಾಲ್ಕು ತಿಂಗಳಾಗಿತ್ತು. ಅದು ಅಪಾಯದ ವೈರಸ್ ಅಲ್ಲ, ಏನೂ ಆಗ್ಲಿಲ್ಲ. ಆದ್ರೆ ಹೇಳ್ಬೇಕು ಅಂತ ಅವಳಿಗೆ ಯಾರೂ ಹೇಳಿರ್ಲಿಲ್ಲ, ಅದು ನಮ್ಮ ತಪ್ಪು, ಅವಳದ್ದಲ್ಲ.

ಇದರ ದೊಡ್ಡ ರೂಪ 2001ರಲ್ಲೇ ಆಸ್ಟ್ರೇಲಿಯಾದಲ್ಲಿ ಕಂಡಿದೆ. ಇಲಿ ಕಾಟ ಕಮ್ಮಿ ಮಾಡೋಕೆ, ಇಲಿಗಳಿಗೆ ಮರಿ ಆಗದ ಹಾಗೆ ಮಾಡೋ ವೈರಸ್ ತಯಾರಿಸೋಕೆ ಹೊರಟಿದ್ರು ಅಲ್ಲಿನ ವಿಜ್ಞಾನಿಗಳು, ಅದಕ್ಕೆ ಇಲಿ ಸಿಡುಬಿನ ವೈರಸ್‌ಗೆ ಇಲಿಯದೇ ಒಂದು ಜೀನ್ ಸೇರಿಸಿದ್ರು. ಹುಟ್ಟಿನಿಂದ್ಲೇ ಆ ರೋಗ ತಡ್ಕೊಳ್ಳೋ ಇಲಿಗಳು ಸತ್ತೋದ್ವು, ಲಸಿಕೆ ಹಾಕಿದ ಇಲಿಗಳಲ್ಲೂ ಹಲವು ಉಳೀಲಿಲ್ಲ. ಉದ್ದೇಶ ಒಳ್ಳೇದಿತ್ತು, ಪುಣ್ಯಕ್ಕೆ ಆ ವೈರಸ್ ಮನುಷ್ಯರಿಗೆ ತಗಲೋದಲ್ಲ.

ಅಮೆರಿಕದ್ದು ಬೇರೆ ಥರದ ತೊಡಕು. 2022ರ ಅಕ್ಟೋಬರ್‌ನಲ್ಲಿ ಬೋಸ್ಟನ್ ಯೂನಿವರ್ಸಿಟಿಯವರು ಮೊದಲಿನ ಕೊರೊನಾ ವೈರಸ್‌ಗೆ ಓಮಿಕ್ರಾನ್‌ನ ಸ್ಪೈಕ್, ಅಂದ್ರೆ ಜೀವಕೋಶಕ್ಕೆ ಅಂಟಿಕೊಳ್ಳೋ ಮುಳ್ಳಿನಂಥ ಪ್ರೋಟೀನ್, ಕೂಡಿಸಿದ ಪ್ರಯೋಗದ ವರದಿ ಹೊರಗೆ ಬಂತು. ಇಲಿಗಳಲ್ಲಿ ನೂರಕ್ಕೆ 80 ಸತ್ತವು ಅಂತ ಪೇಪರ್‌ಗಳಲ್ಲಿ ಬಂದು ಜನ ಬೆಚ್ಚಿಬಿದ್ರು, ಮೂಲ ವೈರಸ್ ಹಾಕಿದ ಅದೇ ಜಾತಿ ಇಲಿಗಳು ಎಲ್ಲವೂ ಸತ್ತಿದ್ವು ಅನ್ನೋದನ್ನ ಓದಿದವರು ಕಮ್ಮಿ. ನಂಗೆ ಮುಖ್ಯ ಅನ್ಸಿದ್ದು ಆ ಲೆಕ್ಕ ಅಲ್ಲ. ಯೂನಿವರ್ಸಿಟಿ ಕಮಿಟಿ ಒಪ್ಪಿತ್ತು, ನಗರದ ಆರೋಗ್ಯ ಆಯೋಗವೂ ಒಪ್ಪಿತ್ತು, ಆದ್ರೆ ಸಂಶೋಧನೆಗೆ ಹಣ ಕೊಡೋ ಅಲ್ಲಿನ ಸರ್ಕಾರಿ ಸಂಸ್ಥೆ ಎನ್‌ಐಎಐಡಿ ಮಾತ್ರ ನಮಗೆ ಮುಂಚೆ ತಿಳಿಸ್ಬೇಕಿತ್ತು ಅಂತು, ಈ ಪ್ರಯೋಗಕ್ಕೆ ನಿಮ್ಮ ದುಡ್ಡು ನೇರವಾಗಿ ಬಳಸಿಲ್ಲ ಅಂತ ಯೂನಿವರ್ಸಿಟಿ ವಾದ. ಅಲ್ಲಿ ಹೆಚ್ಚಿನ ಪರಿಶೀಲನೆ ದುಡ್ಡಿನ ಹಿಂದೆ ಹೋಗುತ್ತೆ, ಹಾಗಾಗಿ ಯಾರ ದುಡ್ಡು ಅನ್ನೋದೇ ಜಗಳ ಆಗುತ್ತೆ.

ಸುಮ್ನೆ ಕಾಡಿಂದ ಬಂದ ವೈರಸ್ಸೇ ಎಷ್ಟು ಕಷ್ಟ ಅಂತ ನಮ್ಮವರಿಗೆ ಗೊತ್ತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಸಿಕ್ಕ ಮಂಗನ ಕಾಯಿಲೆ ವೈರಸ್, ಅದನ್ನ ಅಧ್ಯಯನ ಮಾಡ್ತಿದ್ದ ಲ್ಯಾಬ್ ಕೆಲಸಗಾರರಿಗೇ ತಗಲಿ ಎಷ್ಟೋ ಜನ ಮಲಗಿದ್ರು. ಆಗ ಬಿಎಸ್‌ಎಲ್-3, ಅಂದ್ರೆ ಅಪಾಯದ ರೋಗಾಣುಗಳಿಗೆ ಬೇಕಾದ ಬಿಗಿ ಸುರಕ್ಷತೆಯ ಲ್ಯಾಬ್, ಅನ್ನೋ ಮಾತೇ ಇರ್ಲಿಲ್ಲ.

ಆ ನೇರಳೆ ಪ್ಲೇಟ್ ನೋಡಿದ ಮೇಲೆ ನಾನು ಓದೋ ಪ್ರತಿ ಫೈಲ್‌ನಲ್ಲೂ ಒಂದು ಸಾಲು ಸೇರಿಸ್ತೀನಿ: ಹೊಸ ವೈರಸ್ ಮೂಲಕ್ಕಿಂತ ಜಾಸ್ತಿ ಬೆಳೆದ್ರೆ, ಹೊಸ ಬಗೆಯ ಜೀವಕೋಶಕ್ಕೆ ತಗಲಿದ್ರೆ, ಔಷಧಿಗೆ ಬಗ್ಗದೇ ಹೋದ್ರೆ ಅಲ್ಲೇ ನಿಲ್ಸಿ, ಟ್ಯೂಬ್ ಫ್ರೀಜರ್‌ನಲ್ಲಿ ಬೀಗ ಹಾಕಿ ಇಟ್ಟು ಫೋನ್ ಮಾಡಿ. ಕಮಿಟಿ ಸೇರೋದು ಆರು ತಿಂಗಳಿಗೊಮ್ಮೆ, ಅಲ್ಲಿವರೆಗೆ ಕಾಯ್ಬೇಡಿ. ಕಳೆದ ವರ್ಷ ಎರಡು ಫೋನ್ ಬಂತು, ಒಂದು ರಾತ್ರಿ ಹತ್ತೂವರೆಗೆ. ಎರಡು ಸಲವೂ ಡೈಲ್ಯೂಷನ್ ಲೆಕ್ಕ, ಅಂದ್ರೆ ವೈರಸ್ ದ್ರವನ ಎಷ್ಟು ತೆಳು ಮಾಡ್ಬೇಕು ಅನ್ನೋ ಲೆಕ್ಕ, ತಪ್ಪಿತ್ತು, ವೈರಸ್‌ನಲ್ಲಿ ಏನೂ ವ್ಯತ್ಯಾಸ ಇರ್ಲಿಲ್ಲ. ರಾತ್ರಿ ಫೋನ್ ಮಾಡಿದ ಹುಡುಗ ಸಾರಿ ಮೇಡಂ ಸಾರಿ ಮೇಡಂ ಅಂತಾನೇ ಇದ್ದ, ಅವನಿಗೆ ಮುಂದಿನ ಸಲಾನೂ ಹಿಂಗೇ ಮಾಡಪ್ಪ ಅಂದೆ.